ಲಿಕ್ವಿಡ್ ಮೆಟಲ್ ಥರ್ಮಲ್ ಪ್ಯಾಡ್: ಕೂರಿಸುವ, ಕರಗಿಸುವ, ಬಿಡಿಸುವ ಸಮಗ್ರ ಮಾರ್ಗದರ್ಶಿ

ಪ್ರೊಸೆಸರ್ ಮತ್ತು ಕೂಲರ್ ನಡುವೆ ಪೇಸ್ಟಿನ ಬದಲು ಲೋಹದ ಪ್ಯಾಡ್ ಹಾಕಿದ ಮೇಲೆ ಪ್ರೊಸೆಸರ್ ತಣ್ಣಗಾಗುವ ಬದಲು ಇನ್ನೂ ಬಿಸಿಯಾಯಿತು ಎಂಬ ದೂರು ಮತ್ತೆ ಮತ್ತೆ ಬರುತ್ತದೆ. ದೂರುವವರಲ್ಲಿ ಹೆಚ್ಚಿನವರು ಪ್ಯಾಡ್ ಕೂರಿಸಿದ್ದು ಸರಿಯಾಗಿಯೇ ಇರುತ್ತದೆ. ಅದು ಕರಗಿರುವುದಿಲ್ಲ, ಅಷ್ಟೆ. ಕರಗದ ಲೋಹದ ಹಾಳೆ ಎರಡು ಮೇಲ್ಮೈಗಳ ನಡುವೆ ಅಲ್ಲಲ್ಲಿ ಮಾತ್ರ ತಾಗಿಕೊಂಡು, ಉಳಿದ ಕಡೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಅಗ್ಗದ ಪೇಸ್ಟ್ ಕೂಡ ಅದಕ್ಕಿಂತ ವಾಸಿ. ಹಾಗಾಗಿ ಈ ಬರಹದಲ್ಲಿ ಹೆಚ್ಚು ಜಾಗ ಕರಗಿಸುವ ಹಂತಕ್ಕೇ ಹೋಗಿದೆ.

ಮೊದಲು: ಕೈಯಲ್ಲಿರುವುದು ಯಾವ ಪ್ಯಾಡ್?

ಅಂಗಡಿಗಳಲ್ಲಿ ಮೂರು ನಾಲ್ಕು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಇಲ್ಲಿ ಹೇಳುತ್ತಿರುವುದು ಕಡಿಮೆ ಬಿಸಿಗೆ ಕರಗುವ ಮಿಶ್ರಲೋಹದ ತೆಳು ಹಾಳೆಯ ಬಗ್ಗೆ. ಇದರಲ್ಲಿ ಸಾಮಾನ್ಯವಾಗಿ ಇಂಡಿಯಂ, ಬಿಸ್ಮತ್, ತವರ ಇರುತ್ತವೆ. ಈ ಮೂರನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬರೀ ಇಂಡಿಯಂ ಹಾಳೆಯಾದರೆ ಕರಗಲು 156 ಡಿಗ್ರಿ ಬೇಕು. ಅದು ಪ್ರೊಸೆಸರ್ ಮೇಲೆ ಎಂದೂ ಕರಗದು, ಒತ್ತಡದಿಂದ ಮಾತ್ರ ಕೆಲಸ ಮಾಡುತ್ತದೆ. ಗ್ರಾಫೀನ್ ಹಾಳೆಯೂ ಕರಗುವುದಿಲ್ಲ. ಹನಿವೆಲ್‌ನ ಪಿಟಿಎಂ7950 ಕರಗುತ್ತದೆ, ಆದರೆ ಅದು ಲೋಹವಲ್ಲ, ಸುಮಾರು 45 ಡಿಗ್ರಿಗೇ ಮೆತ್ತಗಾಗುವ ಬೇರೆ ಜಾತಿಯ ವಸ್ತು. ಸಿರಿಂಜಿನಲ್ಲಿ ಬರುವ ಗ್ಯಾಲಿಯಂ ದ್ರವಲೋಹದ ಕಥೆಯೇ ಬೇರೆ, ಅದಕ್ಕೆ ಈ ಕ್ರಮ ಹೊಂದುವುದಿಲ್ಲ.

ಅನುಮಾನವಿದ್ದರೆ ಒಂದು ಪರೀಕ್ಷೆ ಮಾಡಿ. ಪ್ಯಾಡಿನ ಮೂಲೆಯಿಂದ 2 ಮಿಲಿಮೀಟರ್ ಚೂರು ಕತ್ತರಿಸಿ, ಗಾಜಿನ ಲೋಟದಲ್ಲಿ 75 ಡಿಗ್ರಿ ಆಸುಪಾಸಿನ ನೀರಿಗೆ ಹಾಕಿ. ಸರಿಯಾದ ಮಿಶ್ರಲೋಹವಾದರೆ ಚೂರಿನ ಅಂಚುಗಳು ಮಡಚಿಕೊಂಡು, ಕೆಲವೇ ಕ್ಷಣಗಳಲ್ಲಿ ಹೊಳೆಯುವ ಪುಟ್ಟ ಗುಂಡಾಗುತ್ತದೆ. ಕಡ್ಡಿಯಿಂದ ತಳ್ಳಿದರೆ ತಳದಲ್ಲಿ ಉರುಳಾಡುತ್ತದೆ. ಹಾಳೆ ಹಾಳೆಯಾಗಿಯೇ ಉಳಿದರೆ ಅದು ನಿಮಗೆ ಬೇಕಾದ ಪ್ಯಾಡ್ ಅಲ್ಲ. ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರಬೇಡಿ.

ಪೊಟ್ಟಣದ ಮೇಲೆ ಗ್ಯಾಲಿಯಂ ಎಂದಿದ್ದರೆ ಅಲ್ಯೂಮಿನಿಯಂ ತಳದ ಕೂಲರ್‌ಗೆ ಅದನ್ನು ಮುಟ್ಟಿಸಲೇಬೇಡಿ. ಗ್ಯಾಲಿಯಂ ಅಲ್ಯೂಮಿನಿಯಂನ ಕಣಗಳ ಸಂದಿಗೆ ಇಳಿದು ಲೋಹವನ್ನು ಪುಡಿಪುಡಿ ಮಾಡುತ್ತದೆ. ಇಂಡಿಯಂ-ಬಿಸ್ಮತ್-ತವರಕ್ಕೆ ಈ ದೋಷವಿಲ್ಲ. ಕಡಿಮೆ ಬಿಸಿಗೆ ಕರಗುವ ಲೋಹದ ಗಟ್ಟಿ ತರಿಸಿ ತಾವೇ ಲಟ್ಟಿಸುವವರೂ ಇದ್ದಾರೆ. ವುಡ್ಸ್ ಮೆಟಲ್ ಎಂದು ಮಾರುವ ಗಟ್ಟಿಯಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಇರುತ್ತವೆ. ಅದನ್ನು ಮನೆಯೊಳಗೆ ತರಬೇಡಿ.

ನಿಮ್ಮ ಯಂತ್ರಕ್ಕೆ ಇದು ಹೊಂದುತ್ತದೆಯೇ?

ಮೇಲೆ ಲೋಹದ ಮುಚ್ಚಳ, ಅಂದರೆ ಐಎಚ್‌ಎಸ್ ಇರುವ ಡೆಸ್ಕ್‌ಟಾಪ್ ಪ್ರೊಸೆಸರ್, ಅದರ ಮೇಲೆ ಗಾಳಿಯಿಂದ ತಣಿಯುವ ಟವರ್ ಕೂಲರ್ ಇದ್ದರೆ ಚೆನ್ನಾಗಿ ಹೊಂದುತ್ತದೆ.

ನೀರಿನ ಕೂಲರ್ ಇದ್ದವರು ಯೋಚಿಸಿ. ಈ ಕೂಲರ್‌ಗಳ ಒಳಗಿನ ದ್ರವ 60 ಡಿಗ್ರಿ ಮುಟ್ಟಬಾರದು, ಪ್ಯಾಡ್ ಕರಗಲು ಬೇಕಾದದ್ದೂ ಅಷ್ಟೇ ಬಿಸಿ. ಒದ್ದಾಡಿದರೂ ಪ್ಯಾಡಿನ ನಡುಭಾಗ ಕರಗಿ, ಅಂಚು ಗಟ್ಟಿಯಾಗಿ ಉಳಿಯುವುದೇ ಹೆಚ್ಚು. ಅಲ್ಲಿ ಒಳ್ಳೆಯ ಪೇಸ್ಟೋ ಪಿಟಿಎಂ ಹಾಳೆಯೋ ಸಾಕು.

ಲ್ಯಾಪ್‌ಟಾಪ್‌ಗಳಲ್ಲಿ ಚಿಪ್ ಬರಿಮೈಯಲ್ಲಿ ಇರುತ್ತದೆ, ಸುತ್ತಲೂ ಸಾಸಿವೆಗಿಂತ ಸಣ್ಣ ಕೆಪಾಸಿಟರ್‌ಗಳ ಸಾಲು. ಮೊದಲ ಬಾರಿ ಕೈ ಹಾಕುವವರಿಗೆ ಇದು ಬೇಡ.

ಹೀಟ್‌ಪೈಪ್‌ಗಳೇ (ಬಿಸಿ ಸಾಗಿಸುವ ಕೊಳವೆಗಳು) ನೇರವಾಗಿ ಪ್ರೊಸೆಸರನ್ನು ತಾಗುವ ತಳವಿದ್ದರೆ ಪೈಪುಗಳ ನಡುವಿನ ಸಂದಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಕರಗಿದ ಲೋಹ ಅಲ್ಲಿಗೇ ಇಳಿದುಹೋಗುತ್ತದೆ, ಬೇಕಾದ ಜಾಗಕ್ಕೆ ಸಾಲುವುದಿಲ್ಲ. ಪ್ಯಾಡಿನಲ್ಲಿರುವ ಲೋಹ ಅಳತೆಯದ್ದು, ಪೇಸ್ಟಿನಂತೆ ಇನ್ನೊಂದು ಚೂರು ಹಿಂಡಲು ಬರುವುದಿಲ್ಲ.

ಬೇಕಾಗುವ ಸಾಮಾನು

ಪ್ಯಾಡ್ ಒಂದು, ಸಾಧ್ಯವಾದರೆ ಇನ್ನೊಂದು ಹೆಚ್ಚಿಗೆ. ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್. ಕಾಫಿ ಫಿಲ್ಟರ್ ಕಾಗದ ಅಥವಾ ಎಳೆ ಬಿಡದ ಮೈಕ್ರೋಫೈಬರ್ ಬಟ್ಟೆ. ಹಳೆಯ ಪಂಚೆಯ ತುಂಡು ಎಷ್ಟೇ ಮೆತ್ತಗಿದ್ದರೂ ನೂಲು ಬಿಡುತ್ತದೆ. ನೈಟ್ರೈಲ್ ಕೈಗವಸು, ಪ್ಲಾಸ್ಟಿಕ್ ತುದಿಯ ಚಿಮಟ, ಹರಿತವಾದ ಕತ್ತರಿ, ಕ್ಯಾಪ್ಟಾನ್ ಟೇಪ್ (ಬಿಸಿ ತಾಳುವ, ವಿದ್ಯುತ್ ಹರಿಯಗೊಡದ ಟೇಪ್), ಕೂಲರ್‌ಗೆ ಹೊಂದುವ ಸ್ಕ್ರೂಡ್ರೈವರ್, ಹಳೆಯ ಪ್ಲಾಸ್ಟಿಕ್ ಕಾರ್ಡು.

ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ಬೆರೆಸಿರುವ ಬೇರೆ ಪದಾರ್ಥಗಳು ಆರಿದ ಮೇಲೆ ಜಿಡ್ಡಿನ ಪೊರೆಯಾಗಿ ಉಳಿಯಬಹುದು. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲೂ ಎಣ್ಣೆಯ ಅಂಶ ಇರಬಹುದು. ಐಸೊಪ್ರೊಪೈಲ್ ಅನ್ನು ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವವರ ಬಳಿ ಕೇಳಿ. ಮೊಬೈಲ್ ರಿಪೇರಿಯವರು ದಿನಾ ಬಳಸುವ ವಸ್ತು ಅದು.

ತಾಪಮಾನ ನೋಡಲು ಎಚ್‌ಡಬ್ಲ್ಯುಇನ್ಫೋ, ಹೊರೆ ಹಾಕಲು, ಅಂದರೆ ಪ್ರೊಸೆಸರನ್ನು ಪೂರ್ತಿ ದುಡಿಸಲು, ಪ್ರೈಮ್95 ಅಥವಾ ಸಿನೆಬೆಂಚ್ ಸಾಕು. ತಾಪಮಾನ ಅಳೆಯುವ ತಂತಿಯಿರುವ ಮಲ್ಟಿಮೀಟರ್ ಇದ್ದರೆ ಕೆಲಸ ಅರ್ಧ ಸಲೀಸು, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಹಂತ 1: ಹಳೆಯ ಸ್ಥಿತಿಯನ್ನು ಬರೆದಿಡಿ

ಕೂಲರ್ ಬಿಚ್ಚುವ ಮೊದಲು ಅರ್ಧ ಗಂಟೆ ಹೊರೆ ಹಾಕಿ ನಾಲ್ಕು ಸಂಖ್ಯೆ ಬರೆದುಕೊಳ್ಳಿ: ಕೋಣೆಯ ತಾಪಮಾನ, ಪ್ರೊಸೆಸರ್‌ನ ತಾಪಮಾನ, ಅದು ಎಳೆಯುತ್ತಿರುವ ವ್ಯಾಟ್, ಫ್ಯಾನಿನ ವೇಗ. ವ್ಯಾಟ್ ಬರೆಯದೆ ತಾಪಮಾನ ಮಾತ್ರ ಬರೆದರೆ ಪ್ರಯೋಜನವಿಲ್ಲ. ಇಂದಿನ ಪ್ರೊಸೆಸರ್‌ಗಳು ತಣ್ಣಗಾದಷ್ಟೂ ಹೆಚ್ಚು ವಿದ್ಯುತ್ ಎಳೆದು ಹೆಚ್ಚು ವೇಗಕ್ಕೆ ಹೋಗುತ್ತವೆ. ಎಎಂಡಿಯ ರೈಜನ್ 7000 ಸರಣಿಯ ದೊಡ್ಡ ಚಿಪ್‌ಗಳು ಹೊರೆ ಬಿದ್ದಾಗ 95 ಡಿಗ್ರಿಗೆ ಹೋಗಿ ನಿಲ್ಲುವಂತೆಯೇ ರೂಪಿಸಿದಂಥವು. ಅವುಗಳಲ್ಲಿ ಪ್ಯಾಡ್ ಹಾಕಿದ ಮೇಲೂ 95 ಕಂಡರೆ ಪ್ಯಾಡ್ ಸೋತಿದೆ ಎಂದು ಅರ್ಥವಲ್ಲ, ವ್ಯಾಟ್ ಏರಿದೆಯೇ ನೋಡಬೇಕು.

ಹಂತ 2: ಕೂಲರ್ ತೆಗೆದು ಸ್ವಚ್ಛ ಮಾಡಿ

ಹಳೆಯ ಪೇಸ್ಟ್ ಬಿಸಿಯಿದ್ದಾಗ ಸಡಿಲ. ಹತ್ತು ನಿಮಿಷ ಯಂತ್ರ ಓಡಿಸಿ, ಆರಿಸಿ, ಪವರ್ ಸಪ್ಲೈ ಸ್ವಿಚ್ ಇಳಿಸಿ, ವೈರ್ ಕಿತ್ತು, ಆಮೇಲೆ ಸ್ಕ್ರೂ ಬಿಚ್ಚಿ. ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ಎಡಕ್ಕೆ ಬಲಕ್ಕೆ ತುಸು ತಿರುಗಿಸಿ, ಅಂಟು ಬಿಟ್ಟ ಮೇಲೆ ಎತ್ತಿ.

ಐಎಚ್‌ಎಸ್ ಮತ್ತು ಕೂಲರ್ ತಳ ಎರಡನ್ನೂ ಐಸೊಪ್ರೊಪೈಲ್‌ನಿಂದ ಒರೆಸಿ. ಬಿಳಿ ಕಾಗದದಲ್ಲಿ ಒರೆಸಿದರೆ ಕಪ್ಪು ಗುರುತು ಬರದಿರುವ ತನಕ ಒರೆಸುತ್ತಲೇ ಇರಿ. ಪೇಸ್ಟ್ ಹಾಕುವವರಿಗೆ ಇಷ್ಟು ನಿಷ್ಠುರತೆ ಬೇಡ, ಲೋಹದ ಪ್ಯಾಡ್‌ಗೆ ಬೇಕು. ಕರಗಿದ ಲೋಹ ಜಿಡ್ಡಿನ ಮೇಲೆ ಹರಡುವುದಿಲ್ಲ, ಗುಂಡಾಗಿ ನಿಲ್ಲುತ್ತದೆ. ಬೆರಳಿನ ಗುರುತು ಕೂಡ ಜಿಡ್ಡೇ. ಇಲ್ಲಿಂದ ಮುಂದೆ ಕೈಗವಸು ತೆಗೆಯಬೇಡಿ.

ಮೊದಲು ಅದೇ ಪ್ರೊಸೆಸರ್ ಮೇಲೆ ಗ್ಯಾಲಿಯಂ ದ್ರವಲೋಹ ಬಳಸಿದ್ದರೆ ಅದರ ಚುಕ್ಕೆಯೂ ಉಳಿಯಬಾರದು. ಪ್ಯಾಡಿನ ಲೋಹದೊಂದಿಗೆ ಬೆರೆತರೆ ಕರಗುವ ಬಿಂದು ಇನ್ನೂ ಕೆಳಗಿಳಿದು, ಮಾಮೂಲಿ ಬಳಕೆಯಲ್ಲೇ ಹರಿಯತೊಡಗುತ್ತದೆ.

ಹಂತ 3: ಅಳತೆ, ಕತ್ತರಿಕೆ, ರಕ್ಷಣೆ

ಪ್ಯಾಡನ್ನು ಐಎಚ್‌ಎಸ್‌ನ ಸಮತಟ್ಟಾದ ಭಾಗಕ್ಕಿಂತ ಪ್ರತಿ ಬದಿಯಲ್ಲಿ 1 ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಿ. ಕತ್ತರಿಸುವುದು ಕ್ಯಾಬಿನೆಟ್‌ನಿಂದ ದೂರ, ಬಿಳಿ ಕಾಗದದ ಮೇಲೆ. ಕೂದಲೆಳೆಯಷ್ಟು ಚೂರು ಮದರ್‌ಬೋರ್ಡ್ ಮೇಲೆ ಬಿದ್ದರೂ ಶಾರ್ಟ್ ಆಗಬಹುದು.

ಎಎಂಡಿಯ ಎಎಂ5 ಸಾಕೆಟ್‌ನವರು (ಸಾಕೆಟ್ ಎಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಇಲ್ಲಿ ಹೆಚ್ಚು ಹೊತ್ತು ಕೊಡಬೇಕು. ಆ ಪ್ರೊಸೆಸರ್‌ಗಳ ಮುಚ್ಚಳಕ್ಕೆ ಎಂಟು ಕಾಲುಗಳಿದ್ದು, ಕಾಲುಗಳ ನಡುವಿನ ಕೊರೆದ ಜಾಗದಲ್ಲಿ ಕೆಪಾಸಿಟರ್‌ಗಳು ತೆರೆದುಕೊಂಡೇ ಕೂತಿವೆ. ಅಂಚಿನಿಂದ ಒಂದು ಹನಿ ಜಾರಿದರೆ ನೇರ ಅವುಗಳ ಮೇಲೇ. ಕ್ಯಾಪ್ಟಾನ್ ಟೇಪನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಕೊರೆದ ಜಾಗ ಮುಚ್ಚಿ, ಮರದ ಕಡ್ಡಿಯಿಂದ ಒತ್ತಿ. ಟೇಪ್ ಐಎಚ್‌ಎಸ್‌ನ ಮೇಲ್ಮೈಗೆ ಹತ್ತಬಾರದು, ಹತ್ತಿದರೆ ಕೂಲರ್ ಒಂದು ಕಡೆ ಎತ್ತಿಕೊಂಡು ನಿಲ್ಲುತ್ತದೆ. ಪ್ಯಾಡನ್ನು ಇಲ್ಲಿ ಚೌಕವಾಗಿ ಬಿಡದೆ, ಕೊರೆದ ಜಾಗಗಳಿಂದ ಒಳಗೇ ಉಳಿಯುವಂತೆ ಕತ್ತರಿಸಿ.

ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ನಲ್ಲಿ ಸಮಸ್ಯೆ ಬೇರೆ. ಸಾಕೆಟ್‌ನ ಹಿಡಿಕೆ ಉದ್ದನೆಯ ಪ್ರೊಸೆಸರನ್ನು ನಡುವಿನಲ್ಲಿ ಒತ್ತುವುದರಿಂದ ಮುಚ್ಚಳ ಕೊಂಚ ಬಾಗುತ್ತದೆ. ಉಕ್ಕಿನ ನೇರ ಪಟ್ಟಿಯನ್ನು ಅಡ್ಡಲಾಗಿಟ್ಟು ಬೆಳಕಿಗೆ ಹಿಡಿದು ನೋಡಿ. ಪಟ್ಟಿಯ ಕೆಳಗೆ ಸ್ಪಷ್ಟವಾಗಿ ಬೆಳಕು ನುಸುಳಿದರೆ ಕಾಂಟ್ಯಾಕ್ಟ್ ಫ್ರೇಮ್ (ಆ ಹಿಡಿಕೆಯ ಬದಲು ಹಾಕುವ, ಒತ್ತಡವನ್ನು ಸಮವಾಗಿ ಹಂಚುವ ಚೌಕಟ್ಟು) ಹಾಕದೆ ಮುಂದುವರಿಯಬೇಡಿ.

ಹಂತ 4: ಪ್ಯಾಡ್ ಇಟ್ಟು ಕೂಲರ್ ಬಿಗಿಯಿರಿ

1. ಕ್ಯಾಬಿನೆಟ್ ಮಲಗಿಸಿ, ಮದರ್‌ಬೋರ್ಡ್ ನೆಲಕ್ಕೆ ಸಮಾನಾಂತರವಾಗಿರಲಿ. ಕರಗಿಸುವುದು ಮುಗಿಯುವ ತನಕ ಹೀಗೇ ಇರಬೇಕು.
2. ಪ್ಯಾಡಿನ ಎರಡೂ ಬದಿಯ ರಕ್ಷಣಾ ಪೊರೆ ತೆಗೆಯಿರಿ. ಒಂದು ಬದಿಯದನ್ನು ಮರೆಯುವುದು ಎಷ್ಟು ಮಾಮೂಲಿ ಎಂದರೆ, ಕೆಲಸ ಮುಗಿದ ಮೇಲೆ ಮೇಜಿನ ಮೇಲೆ ಎರಡು ಪೊರೆ ಇವೆಯೇ ಎಂದು ಎಣಿಸುವುದು ಒಳ್ಳೆಯದು.
3. ಚಿಮಟದಿಂದ ಮೂಲೆ ಹಿಡಿದು ಐಎಚ್‌ಎಸ್ ಮೇಲೆ ಬಿಡಿ. ಸುಕ್ಕು ಬಿದ್ದರೆ ಉಜ್ಜಿ ಸರಿಮಾಡಲು ಹೋಗಬೇಡಿ. ಸಣ್ಣ ಅಲೆ ಕರಗುವಾಗ ಹೋಗುತ್ತದೆ. ಮಡಿಕೆ ಬಿದ್ದಿದ್ದರೆ ಹೊಸ ಪ್ಯಾಡ್ ತೆಗೆದುಕೊಳ್ಳಿ, ಮಡಿಕೆಯಿದ್ದಲ್ಲಿ ದಪ್ಪ ಎರಡರಷ್ಟಾಗಿ ಕೂಲರ್ ವಾಲುತ್ತದೆ. ಎರಡು ಪದರ ಹಾಕುವುದಂತೂ ಬೇಡವೇ ಬೇಡ.
4. ಕೂಲರನ್ನು ನೇರವಾಗಿ ಇಳಿಸಿ. ಇಟ್ಟ ಮೇಲೆ ಜರುಗಿಸಿದರೆ ಪ್ಯಾಡ್ ಅದರೊಂದಿಗೆ ಜಾರುತ್ತದೆ. ಪೇಸ್ಟಿನಲ್ಲಿ ನಡೆಯುವ ತಿರುಗಿಸಿ ಕೂರಿಸುವ ಅಭ್ಯಾಸ ಇಲ್ಲಿ ನಡೆಯದು.
5. ಸ್ಕ್ರೂಗಳನ್ನು ಎದುರುಬದುರು ಕ್ರಮದಲ್ಲಿ, ಒಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿಯಿರಿ. ಪೂರ್ತಿ ನಿಲ್ಲುವ ತನಕ.

ಹಂತ 5: ಕರಗಿಸುವುದು

ಎಲ್ಲರೂ ಎಡವುವುದು ಇಲ್ಲಿ. ಪ್ರೈಮ್95 ಹಾಕುತ್ತಾರೆ, ಪರದೆಯ ಮೇಲೆ 85 ಡಿಗ್ರಿ ಕಾಣುತ್ತದೆ, 60 ದಾಟಿತಲ್ಲ, ಕರಗಿತು ಎಂದು ನಿಲ್ಲಿಸುತ್ತಾರೆ. ಪರದೆ ತೋರಿಸುವುದು ಚಿಪ್ಪಿನ ಒಳಗಿನ ಬಿಸಿ. ಪ್ಯಾಡ್ ಇರುವುದು ಮುಚ್ಚಳದ ಹೊರಗೆ, ಪಕ್ಕದಲ್ಲೇ ಗಾಳಿ ಹೊಡೆಸಿಕೊಳ್ಳುತ್ತಿರುವ ತಾಮ್ರದ ತಳ.

ಚಿಪ್ ಮತ್ತು ಮುಚ್ಚಳದ ನಡುವೆ ಎಷ್ಟು ಡಿಗ್ರಿ ವ್ಯತ್ಯಾಸ ಇರುತ್ತದೆ ಎಂಬುದು ಹರಿಯುತ್ತಿರುವ ವ್ಯಾಟ್ ಮೇಲೆ ನಿಂತಿದೆ. ಒಂದು ವ್ಯಾಟಿಗೆ 0.2 ಡಿಗ್ರಿ ಎಂದಿಟ್ಟುಕೊಳ್ಳಿ. 150 ವ್ಯಾಟ್ ಹರಿಯುವಾಗ ಒಳಗೆ 85 ಇದ್ದರೆ ಮುಚ್ಚಳ 55ರಲ್ಲಿದೆ, ಪ್ಯಾಡ್ ಗಟ್ಟಿಯೇ. ಅದೇ 60 ವ್ಯಾಟ್ ಹರಿಸಿ, ಫ್ಯಾನ್ ನಿಲ್ಲಿಸಿ, ಒಳಗೆ 85 ಬರುವಂತೆ ಮಾಡಿದರೆ ಮುಚ್ಚಳ 73ಕ್ಕೆ ಹೋಗುತ್ತದೆ, ಕೂಲರ್ ತಳವೂ ಅದರ ಹಿಂದೆಯೇ ಏರುತ್ತದೆ. ಹಾಗಾಗಿ ಇಲ್ಲಿ ಬೇಕಾದದ್ದು ಭಾರೀ ಹೊರೆಯಲ್ಲ. ಕಡಿಮೆ ವ್ಯಾಟ್, ಕಡಿಮೆ ಗಾಳಿ, ಹೆಚ್ಚು ಹೊತ್ತು.

1. ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಎಎಂಡಿಯಲ್ಲಿ 65 ವ್ಯಾಟ್ ಇಕೋ ಮೋಡ್ ಹಾಕಿ. ಇಂಟೆಲ್‌ನಲ್ಲಿ ಪಿಎಲ್1 (ದೀರ್ಘ ಹೊತ್ತಿನ ವಿದ್ಯುತ್ ಮಿತಿ), ಪಿಎಲ್2 (ಅಲ್ಪ ಹೊತ್ತಿನ ಮಿತಿ) ಎರಡನ್ನೂ 65ಕ್ಕೆ ಇಳಿಸಿ. ಪಿಎಲ್1 ಒಂದನ್ನೇ ಇಳಿಸಿದರೆ ಶುರುವಿನಲ್ಲಿ ಪೂರ್ತಿ ವಿದ್ಯುತ್ ನುಗ್ಗುತ್ತದೆ.
2. ಪ್ರೊಸೆಸರ್ ಫ್ಯಾನಿನ ವೈರ್ ಕೀಳಬೇಡಿ. ಹಲವು ಬೋರ್ಡುಗಳು ಫ್ಯಾನ್ ಕಾಣದಿದ್ದರೆ ಶುರುವಾಗುವುದೇ ಇಲ್ಲ. ವಿಂಡೋಸ್ ಬಂದ ಮೇಲೆ ಫ್ಯಾನ್ ಕಂಟ್ರೋಲ್‌ನಂಥ ತಂತ್ರಾಂಶದಿಂದ ನಿಲ್ಲಿಸಿ ಅಥವಾ ಅತಿ ಕಡಿಮೆ ವೇಗಕ್ಕೆ ತನ್ನಿ. ಕ್ಯಾಬಿನೆಟ್‌ನ ಹಿಂದಿನ ಫ್ಯಾನ್ ನಿಧಾನವಾಗಿ ತಿರುಗುತ್ತಿರಲಿ, ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ಬೋರ್ಡಿನ ಭಾಗವಾದ ವಿಆರ್‌ಎಂಗೆ ತುಸು ಗಾಳಿ ಬೇಕು.
3. ಮಲ್ಟಿಮೀಟರ್‌ನ ತಾಪಮಾನ ತಂತಿಯ ತುದಿಯನ್ನು ಕೂಲರ್ ತಳದ ಬದಿಗೆ ಕ್ಯಾಪ್ಟಾನ್ ಟೇಪಿನಿಂದ ಅಂಟಿಸಿ, ಬೋರ್ಡಿಗೆ ತಾಗದಂತೆ. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಕಡಿಮೆ ಓದುತ್ತದೆ, ಅದನ್ನು ನಂಬಬೇಡಿ. ಬಳಸಲೇಬೇಕೆಂದರೆ ತಳದ ಬದಿಗೆ ಕಾಗದದ ಟೇಪ್ ಅಂಟಿಸಿ ಅದರ ಮೇಲೆ ಗುರಿಯಿಡಿ.
4. ಎಚ್‌ಡಬ್ಲ್ಯುಇನ್ಫೋದಲ್ಲಿ ಪ್ರೊಸೆಸರ್ ತಾಪಮಾನದ ಮತ್ತು ವ್ಯಾಟಿನ ಗ್ರಾಫ್ ತೆರೆದಿಟ್ಟು ಹೊರೆ ಶುರುಮಾಡಿ.
5. ಪ್ರೊಸೆಸರ್ 88-90 ಸಮೀಪಿಸಿದರೆ ಫ್ಯಾನನ್ನು ಕೊಂಚವೇ ಏರಿಸಿ. 95ಕ್ಕೆ ಬಿಡಬೇಡಿ. ಮಿತಿ ಮುಟ್ಟಿದ ಪ್ರೊಸೆಸರ್ ತಾನೇ ವ್ಯಾಟ್ ಇಳಿಸಿಕೊಳ್ಳುತ್ತದೆ, ಆಗ ಗ್ರಾಫ್ ಓದಲು ಬರುವುದಿಲ್ಲ.
6. ಕೂಲರ್ ತಳ 65 ದಾಟಿದ ಮೇಲೆ ಇನ್ನೂ 20 ನಿಮಿಷ ಅಲ್ಲೇ ಹಿಡಿದಿಡಿ.

ಕರಗುವ ಗಳಿಗೆ ಗ್ರಾಫಿನಲ್ಲಿ ಕಾಣುತ್ತದೆ. ರೇಖೆ ಏರುತ್ತಾ ಬಂದು, ವ್ಯಾಟೂ ಫ್ಯಾನಿನ ವೇಗವೂ ಇದ್ದಂತೆಯೇ ಇರುವಾಗ, ಮೆಟ್ಟಿಲು ಇಳಿದಂತೆ ಕೆಲವು ಡಿಗ್ರಿ ಕೆಳಗೆ ಬೀಳುತ್ತದೆ. ಕೆಲವೊಮ್ಮೆ ಎರಡು ಮೂರು ಸಣ್ಣ ಮೆಟ್ಟಿಲುಗಳಾಗಿ, ಏಕೆಂದರೆ ಪ್ಯಾಡ್ ನಡುವಿನಿಂದ ಅಂಚಿನತ್ತ ಕರಗುತ್ತದೆ. ಮೊದಲ ಮೆಟ್ಟಿಲು ಕಂಡ ಕೂಡಲೇ ಖುಷಿಯಿಂದ ನಿಲ್ಲಿಸಬೇಡಿ. ವ್ಯಾಟ್ ಕೂಡ ಜೊತೆಗೇ ಬಿದ್ದಿದ್ದರೆ ಅದು ಕರಗಿದ್ದಲ್ಲ, ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಂಡದ್ದು.

ಋತುವಿನ ಲೆಕ್ಕವೂ ಇದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ದೊಡ್ಡ ಟವರ್ ಕೂಲರ್ ಫ್ಯಾನ್ ಇಲ್ಲದೆಯೂ 65 ವ್ಯಾಟನ್ನು ಆರಾಮಾಗಿ ಹೊರಹಾಕಿ 50ರಲ್ಲೇ ನಿಂತುಬಿಡಬಹುದು. ಆಗ ಕೂಲರಿನ ರೆಕ್ಕೆಗಳ ಎರಡೂ ಬದಿಗೆ ರಟ್ಟು ಅಡ್ಡವಿಟ್ಟು ಗಾಳಿ ತಡೆಯಿರಿ, ಪಕ್ಕದಲ್ಲಿ ನಿಂತು ನೋಡುತ್ತಿರಿ. ಹೇರ್ ಡ್ರೈಯರ್‌ನಿಂದ ಬೋರ್ಡಿನ ಮೇಲೆ ಬಿಸಿಗಾಳಿ ಬಿಡುವ ಉಪಾಯ ಬೇಡ, ಬಿಸಿಯಾಗಬಾರದ ಭಾಗಗಳೇ ಮೊದಲು ಬಿಸಿಯಾಗುತ್ತವೆ.

ಹಂತ 6: ಮತ್ತೊಮ್ಮೆ ಬಿಗಿದು, ಎರಡನೇ ಸುತ್ತು

ಕರಗಿದ ಪ್ಯಾಡ್ ಹಿಂಡಿಕೊಂಡು ತೆಳುವಾಗುತ್ತದೆ, ಒತ್ತಡ ಅಷ್ಟು ಸಡಿಲವಾಗುತ್ತದೆ. ಸ್ಪ್ರಿಂಗ್ ಇರುವ ಸ್ಕ್ರೂಗಳಾದರೆ ತಾವೇ ಸರಿದೂಗಿಸಿಕೊಳ್ಳುತ್ತವೆ. ಸ್ಪ್ರಿಂಗ್ ಇಲ್ಲದ ಹಿಡಿಕೆಯಾದರೆ ಯಂತ್ರ ಆರಿಸಿ, ವೈರ್ ಕಿತ್ತು, ಕೂಲರ್ ಬಿಸಿಯಿರುವಾಗಲೇ ಸ್ಕ್ರೂ ನೋಡಿ. ಲೋಹ ಗಟ್ಟಿಯಾದ ಮೇಲೆ ಬಿಗಿದು ಏನೂ ಬರುವುದಿಲ್ಲ. ಪೂರ್ತಿ ತಣಿದ ಮೇಲೆ ಹಂತ 5ನ್ನು ಇನ್ನೊಮ್ಮೆ ಮಾಡಿ. ಈ ಸುತ್ತಿನಲ್ಲಿ ಮೆಟ್ಟಿಲು ಬಹಳ ಚಿಕ್ಕದಿರಬೇಕು, ಇಲ್ಲದೆಯೂ ಇರಬಹುದು. ದೊಡ್ಡ ಮೆಟ್ಟಿಲು ಮತ್ತೆ ಕಂಡರೆ ಮೊದಲ ಸುತ್ತು ಅರೆಬರೆಯಾಗಿತ್ತು ಎಂದೇ ಲೆಕ್ಕ, ಮೂರನೆಯದನ್ನೂ ಮಾಡಿ.

ಆಮೇಲೆ ಬಯೋಸ್ ಮಿತಿಗಳನ್ನೂ ಫ್ಯಾನನ್ನೂ ಹಳೆಯ ಸ್ಥಿತಿಗೆ ತನ್ನಿ, ರಟ್ಟು ತೆಗೆಯಿರಿ. ಟಾರ್ಚ್ ಹಿಡಿದು ಕೂಲರ್ ತಳದ ಸುತ್ತ ನೋಡಿ. ಅಂಚಿನಲ್ಲಿ ಬೆಳ್ಳಿಯ ಮಣಿಗಳು ಕೂತಿದ್ದರೆ, ಯಂತ್ರ ಆರಿಸಿ ತಣಿದು ಗಟ್ಟಿಯಾದ ಮೇಲೆ ಚಿಮಟದಿಂದ ಎತ್ತಿ. ಕ್ಯಾಬಿನೆಟ್ ನಿಲ್ಲಿಸುವುದು ಇದಾದ ನಂತರವೇ.

ಹಂತ 7: ಫಲಿತಾಂಶ ಓದುವುದು

ಹಂತ 1ರ ಹೊರೆಯನ್ನೇ, ಅದೇ ಫ್ಯಾನ್ ವೇಗದಲ್ಲಿ ಹಾಕಿ. ಕೋಣೆಯ ತಾಪಮಾನ ಬದಲಾಗಿದ್ದರೆ ಅಷ್ಟನ್ನು ಕಳೆದು ಹೋಲಿಸಿ.

ತಾಪಮಾನ ಮೊದಲಿಗಿಂತ ಹತ್ತಾರು ಡಿಗ್ರಿ ಹೆಚ್ಚಿದ್ದರೆ ಪೊರೆ ಉಳಿದಿದೆ, ಅಥವಾ ಪ್ಯಾಡ್ ಕರಗೇ ಇಲ್ಲ. ಮೊದಲು ಹಾಗಿಲ್ಲದೆ ಈಗ ಒಂದೆರಡು ಕೋರ್ ಮಾತ್ರ ಬೇರೆಯವಕ್ಕಿಂತ ತೀರಾ ಬಿಸಿಯಿದ್ದರೆ ಕೂಲರ್ ವಾಲಿದೆ, ಅಥವಾ ಜಿಡ್ಡಿನಿಂದಾಗಿ ಆ ಭಾಗದಲ್ಲಿ ಲೋಹ ಹರಡಿಲ್ಲ. ಮೊದಲ ವಾರ ಚೆನ್ನಾಗಿದ್ದು ಆಮೇಲೆ ಏರುತ್ತಾ ಹೋದರೆ ಸ್ಕ್ರೂ ಸಡಿಲ. ಯಂತ್ರ ಶುರುವೇ ಆಗದಿದ್ದರೆ ಮತ್ತೆ ಮತ್ತೆ ಪವರ್ ಒತ್ತದೆ ವೈರ್ ಕಿತ್ತು, ಸಾಕೆಟ್ ಸುತ್ತ ಚೂರು ಹುಡುಕಿ.

ಒಳ್ಳೆಯ ಪೇಸ್ಟ್ ಸರಿಯಾಗಿ ಹಾಕಿದ್ದ ಯಂತ್ರದಲ್ಲಿ ವ್ಯತ್ಯಾಸ ಕೆಲವೇ ಡಿಗ್ರಿ. ಹೆಚ್ಚಿನದನ್ನು ನಿರೀಕ್ಷಿಸಿ ದುಡ್ಡು ಹಾಕಬೇಡಿ. ಇದರ ನಿಜವಾದ ಲಾಭ ಬೇರೆ ಕಡೆ ಇದೆ: ಒಣಗುವುದಿಲ್ಲ, ಪೇಸ್ಟಿನಂತೆ ನಡುವಿನಿಂದ ಹೊರಕ್ಕೆ ಹಿಂಡಿಹೋಗುವುದಿಲ್ಲ.

ಹಂತ 8: ಬಿಡಿಸುವುದು

ತಣ್ಣಗಿರುವಾಗ ಪ್ಯಾಡ್ ಬೆಸುಗೆಯಂತೆ ಹಿಡಿದಿರುತ್ತದೆ. ಎಎಂಡಿಯ ಹಳೆಯ ಎಎಂ4 ಸಾಕೆಟ್‌ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿಗೆ, ಮೇಲಿನಿಂದ ಹಿಡಿದಿಡುವ ಚೌಕಟ್ಟು ಇಲ್ಲ. ತಣ್ಣಗಿರುವ ಕೂಲರನ್ನು ಎಳೆದರೆ ಪ್ರೊಸೆಸರ್ ಸಾಕೆಟ್‌ನಿಂದಲೇ ಕಿತ್ತು ಬಂದು ಪಿನ್ನುಗಳು ಬಾಗುತ್ತವೆ. ಎಎಂ5, ಇಂಟೆಲ್‌ಗಳಲ್ಲಿ ಚೌಕಟ್ಟು ಹಿಡಿದಿರುವುದರಿಂದ ಕಿತ್ತು ಬರುವುದಿಲ್ಲ, ಆದರೆ ಬಲ ಹಾಕಿದರೆ ಸಾಕೆಟ್‌ಗೆ ಪೆಟ್ಟು.

ಕ್ಯಾಬಿನೆಟ್ ಮಲಗಿಸಿ, ಹಂತ 5ರಂತೆಯೇ ಕೂಲರ್ ತಳವನ್ನು 65-70ಕ್ಕೆ ತನ್ನಿ. ಸ್ಕ್ರೂಡ್ರೈವರ್ ಕೈಯಲ್ಲೇ ಇರಲಿ. ಯಂತ್ರ ಆರಿಸಿ, ವೈರ್ ಕಿತ್ತು, ಕೂಡಲೇ ಸ್ಕ್ರೂ ಬಿಚ್ಚಿ. ಕೂಲರನ್ನು ಎರಡೂ ಕಡೆ 2-3 ಮಿಲಿಮೀಟರ್ ತಿರುಗಿಸಿ ನೋಡಿ. ತಿರುಗಿದರೆ ಎತ್ತಿ. ತಿರುಗದಿದ್ದರೆ ಬಲ ಹಾಕದೆ ಮತ್ತೆ ಬಿಗಿದು ಮತ್ತೆ ಬಿಸಿ ಮಾಡಿ. ಇದೆಲ್ಲ ಒಂದೆರಡು ನಿಮಿಷದಲ್ಲಿ ಆಗಬೇಕು. ತಳ ಮುಟ್ಟಬೇಡಿ, ಬೆರಳು ಸುಡುತ್ತದೆ. ಎತ್ತುವಾಗ ಇನ್ನೂ ದ್ರವವಾಗಿರುವ ಲೋಹ ತೊಟ್ಟಿಕ್ಕಬಹುದು, ಕೂಲರನ್ನು ಬೋರ್ಡಿನ ಮೇಲಿಂದ ದಾಟಿಸುವಾಗ ತಳದ ಕೆಳಗೆ ಮಡಚಿದ ಬಟ್ಟೆ ಹಿಡಿಯಿರಿ.

ಅಂಟಿ ಉಳಿದ ಲೋಹ ಐಸೊಪ್ರೊಪೈಲ್‌ನಲ್ಲಿ ಕರಗುವುದಿಲ್ಲ. ಪ್ರೊಸೆಸರನ್ನು ಸಾಕೆಟ್‌ನಿಂದ ಹೊರತೆಗೆದು, ಪ್ಲಾಸ್ಟಿಕ್ ಕಾರ್ಡಿನಿಂದ ಒಂದೇ ದಿಕ್ಕಿಗೆ ಕೆರೆದು, ಬಿದ್ದ ಚೂರುಗಳನ್ನು ಕಾಗದದ ಮೇಲೆ ಹಿಡಿಯಿರಿ. ಮರಳುಕಾಗದ ಬೇಡ, ಐಎಚ್‌ಎಸ್ ಮೇಲೆ ಕೆತ್ತಿದ ಅಕ್ಷರ ಅಳಿಸಿಹೋದರೆ ವಾರಂಟಿ ಕೇಳುವಾಗ ತೊಂದರೆ. ಕೂಲರಿನ ಬರಿ ತಾಮ್ರದ ತಳದಲ್ಲಿ ಬೂದು-ಬೆಳ್ಳಿಯ ಕಲೆ ಉಳಿಯುತ್ತದೆ. ಅದರ ಮೇಲೆ ಉಗುರು ಎಳೆದಾಗ ಏರು ತಾಗದಿದ್ದರೆ ಹಾಗೇ ಬಿಡಿ, ಹೊಸ ಪ್ಯಾಡ್ ಅದರ ಮೇಲೆ ಇನ್ನೂ ಸಲೀಸಾಗಿ ಹರಡುತ್ತದೆ. ಉಗುರಿಗೆ ಏರು ಸಿಕ್ಕರೆ ಆ ಜಾಗವನ್ನು ಕೆರೆದು ಸಮ ಮಾಡುವ ತನಕ ಹೊಸದನ್ನು ಹಾಕಬೇಡಿ. ಒಮ್ಮೆ ಕರಗಿ ಬಿಡಿಸಿದ ಪ್ಯಾಡನ್ನು ಮತ್ತೆ ಬಳಸಲು ಬರುವುದಿಲ್ಲ.